ಲಕ್ವದ ನಂತರದ ವ್ಯಾಯಾಮ ತರಗತಿ: ‘ನಿಮಗೇನಿಷ್ಟ?’ ಅಂತ ಕೇಳಿದ ಜಾಗದ ರಿವ್ಯೂ

ಇದು ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರಿಗಾಗಿ ನಡೆಸುವ ಗುಂಪು ವ್ಯಾಯಾಮ ತರಗತಿಯ ರಿವ್ಯೂ. ವಾರಕ್ಕೆ 3 ದಿನ, ದಿನಕ್ಕೆ 1 ಗಂಟೆ, ಒಟ್ಟು 12 ವಾರ. ಒಂದು ದಿನ ಜ್ವರ ಬಂದಿದ್ದು, ಇನ್ನೊಂದು ದಿನ ಸುಮ್ನೆ ಬೇಜಾರಾಗಿ ಮಲಗಿದ್ದು ಬಿಟ್ಟರೆ ಪೂರ್ತಿ ಮುಗಿಸಿದ್ದೇನೆ. ಮಧ್ಯದಲ್ಲಿ ಮನೆಗೆ ಒಂದು ಪೆಡಲ್ ಯಂತ್ರವೂ ಬಂತು. ಅದರ ಬಗ್ಗೆಯೂ ಬರೆಯುತ್ತೇನೆ. ಅದರ ಮೇಲೆ ನಾನು ಆಡಿದ ಕಳ್ಳಾಟ ಬೇರೆಯವರಿಗೂ ಗೊತ್ತಾಗಲಿ.

ನಾನು ಟೈಲರ್. ವಯಸ್ಸು 61. 30 ವರ್ಷಕ್ಕಿಂತ ಜಾಸ್ತಿ ಕಾಲಲ್ಲಿ ತುಳಿಯುವ ಮಿಷನ್ ಮುಂದೆ ಕೂತವಳು. ಒಂದು ಬೆಳಿಗ್ಗೆ ಎಡಗೈಯಲ್ಲಿ ಹಿಡಿದಿದ್ದ ಬಟ್ಟೆ ಜಾರಿತು. ಎತ್ತಿಕೊಳ್ಳೋಣ ಅಂತ ಬಗ್ಗಿದವಳು ಹಾಗೇ ಎಡಕ್ಕೆ ವಾಲಿಬಿಟ್ಟೆ. ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು. ಬಾಯಿ ಸ್ವಲ್ಪ ಸೊಟ್ಟಗಾಯಿತು, ಮಾತು ತೊದಲಿತು. ಇದೆಲ್ಲ ಎಲ್ಲರಿಗೂ ಕಾಣುವ ತೊಂದರೆ. ಕಾಣದ ಇನ್ನೊಂದು ಇತ್ತು. ಎಡಗಡೆ ಅನ್ನುವುದು ಒಂದಿದೆ ಅನ್ನುವುದೇ ನನಗೆ ಮರೆತುಹೋಗುತ್ತಿತ್ತು. ಕಣ್ಣು ಚೆನ್ನಾಗಿಯೇ ಇದೆ, ಆದರೆ ಮೆದುಳು ಆ ಕಡೆ ಗಮನ ಕೊಡಲ್ಲ. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದಾಗಲೇ ಓಹೋ, ಈ ಕಡೆಯೂ ನಾನಿದ್ದೇನೆ ಅಂತ ನೆನಪಾಗುವುದು.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಹೋಗುತ್ತಿದ್ದೆ. ಹೆಸರು ಬೇಡ ಬಿಡಿ. ಅಲ್ಲಿ ಯಂತ್ರಗಳಿಗೇನೂ ಕಮ್ಮಿ ಇರಲಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದು ಮೇಲಿಂದ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಿದ್ದರು. ಕಾಲ ಕೆಳಗಿನ ನೆಲ ಓಡುತ್ತಿದೆ, ನಾನು ಮಾತ್ರ ಇದ್ದಲ್ಲೇ ಇದ್ದೇನೆ. ಎಡಪಾದ ಯಾವಾಗ ಊರಿತು, ಯಾವಾಗ ಎದ್ದಿತು ಒಂದೂ ತಿಳಿಯುತ್ತಿರಲಿಲ್ಲ. ಹೆದರಿಕೆಗೆ ಬಲಗೈಯಲ್ಲಿ ಕಂಬಿ ಹಿಡಿದೂ ಹಿಡಿದೂ ಅಂಗೈ ಕೆಂಪಾಗುತ್ತಿತ್ತು. ಆಮೇಲೆ ಮೇಲಿನ ರಾಟೆಗೆ ಹಾಕಿದ ಹಗ್ಗ. ಅದರ ಒಂದು ತುದಿ ಬಲಗೈಗೆ, ಇನ್ನೊಂದು ತುದಿ ಎಡಗೈಗೆ. ಬಲಗೈಯಿಂದ ಎಳೆದರೆ ಎಡಗೈ ತಾನಾಗಿ ತಲೆ ಮೇಲೆ ಹೋಗಬೇಕು. ಹೋಗುತ್ತಿತ್ತು, ನಿಜ. ಆದರೆ ಎರಡೇ ವಾರದಲ್ಲಿ ಎಡಭುಜ ಎಷ್ಟು ನೋಯತೊಡಗಿತು ಅಂದರೆ ರಾತ್ರಿ ಆ ಮಗ್ಗುಲಿಗೆ ಹೊರಳಲು ಆಗದು. ಸ್ವಾಧೀನ ಇಲ್ಲದ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುತ್ತವೆ, ಅಂಥ ಕೈಯನ್ನು ರಾಟೆಯಲ್ಲಿ ಎಳೆಯಬಾರದು, ತೋಳು ಹಿಡಿದು ಎತ್ತಿ ಕೂರಿಸಲೂಬಾರದು ಅಂತ ಆಮೇಲೆ ಗೊತ್ತಾಯಿತು. ನನ್ನನ್ನು ಪ್ರೀತಿಯಿಂದ ತೋಳು ಹಿಡಿದು ಎಬ್ಬಿಸುತ್ತಿದ್ದವರಿಗೆ ಲೆಕ್ಕವೇ ಇಲ್ಲ.

5 ವಾರ ಆದಮೇಲೆ ಅಲ್ಲಿಗೆ ಹೋಗುವುದು ನಿಲ್ಲಿಸಿದೆ. ಮನೆಯಲ್ಲಿ ‘ಅವರೇ ಇನ್ನು ಸಾಕು ಅಂದರು’ ಅಂತ ಸುಳ್ಳು ಹೇಳಿದೆ. ನಮ್ಮೆಜಮಾನರು ನಂಬಿದರು, ಮಗಳು ನಂಬಲಿಲ್ಲ. ‘ಅಮ್ಮಂಗೆ ಸೋಮಾರಿತನ’ ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಬೆ ಏಳುವ ಇಸ್ತ್ರಿ ಪೆಟ್ಟಿಗೆ ಹಿಡಿದು ದಿನಕ್ಕೆ 10 ಗಂಟೆ ದುಡಿದವಳಿಗೆ ಸೋಮಾರಿತನವಂತೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೊಸ ಜಾಗದಲ್ಲಿ ಮೊದಲ ದಿನ ನನ್ನನ್ನು ಯಾವ ಯಂತ್ರಕ್ಕೂ ಹತ್ತಿಸಲಿಲ್ಲ. ಬಿಪಿ ನೋಡಿದರು, 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೇನೆ ಅಂತ ಅಳೆದರು. 142 ಮೀಟರ್. ಆಮೇಲೆ ಕೂರಿಸಿ ಒಂದು ಹಾಳೆ ಕೊಟ್ಟರು. ಅದರಲ್ಲಿ ಬರೀ ಪ್ರಶ್ನೆಗಳು. ಒಬ್ಬರೇ ಮಾಡುವುದು ಇಷ್ಟವೋ, ಜನರ ಜೊತೆಯೋ? ಮನೆಯಲ್ಲೋ, ಹೊರಗೋ? ಪಕ್ಕದಲ್ಲಿ ನಿಂತು ಯಾರಾದರೂ ಹೇಳಿಕೊಡಬೇಕೋ, ಒಂದು ಸಲ ತೋರಿಸಿದರೆ ಸಾಕೋ? ಹಾಡು ಬೇಕೋ ಬೇಡವೋ? ಏದುಸಿರು ಬರುವಷ್ಟು ಮಾಡಿದರೆ ಖುಷಿಯೋ, ಭಯವೋ? ಬೇರೆಯವರ ಜೊತೆ ಪೈಪೋಟಿ ಸೇರುತ್ತದೆಯೋ? ಟ್ರೆಡ್‌ಮಿಲ್, ಸೈಕಲ್, ನೆಲದ ಮೇಲಿನ ನಡಿಗೆ, ನೀರಿನಲ್ಲಿ ಮಾಡುವುದು, ಇವುಗಳಲ್ಲಿ ಯಾವುದು ಎಷ್ಟು ಇಷ್ಟ?

ಪ್ರತಿ ಪ್ರಶ್ನೆಯ ಕೆಳಗೂ ಒಂದು ಅಡ್ಡಗೆರೆ. ಎಡತುದಿಯಲ್ಲಿ ‘ಒಂಚೂರೂ ಇಷ್ಟವಿಲ್ಲ’, ಬಲತುದಿಯಲ್ಲಿ ‘ತುಂಬಾ ಇಷ್ಟ’. ಮಧ್ಯೆ ಎಲ್ಲಿ ಬೇಕೋ ಅಲ್ಲಿ ಒಂದು ಗೀಟು ಹಾಕಬೇಕು. ಗೆರೆ ಸರಿಯಾಗಿ 10 ಸೆಂಟಿಮೀಟರ್ ಇತ್ತು. ಅದಕ್ಕೆ ನನಗೆ ಟೇಪ್ ಬೇಕಾಗಿಲ್ಲ. ಅಂದುಕೊಂಡೆ ಅಷ್ಟೇ, ಮುಂದೆ ಓದಿ.

ಬರೆದು ಕೊಟ್ಟೆ. ಫಿಸಿಯೋ ಮೇಡಂ, ನನ್ನ ಮಗಳಿಗಿಂತ ಚಿಕ್ಕ ಹುಡುಗಿ, ಹಾಳೆ ನೋಡಿ ಹುಬ್ಬೇರಿಸಿದರು.

‘ಅಮ್ಮಾ, ಟ್ರೆಡ್‌ಮಿಲ್ ಅಂದ್ರೆ ನಿಮಗೆ ಅಷ್ಟೊಂದು ಇಷ್ಟನಾ?’

‘ಅಯ್ಯೋ, ಅದೊಂದು ಬೇಡವೇ ಬೇಡ’ ಅಂದೆ.

‘ಮತ್ತೆ ಗೀಟು ಇಲ್ಲಿ ಹಾಕಿದ್ದೀರಲ್ಲ?’

ನೋಡಿದರೆ ನನ್ನ ಗೀಟುಗಳೆಲ್ಲ ಗೆರೆಯ ಬಲ ಅರ್ಧದಲ್ಲೇ ಇವೆ. ನಾನು ಇಷ್ಟವಿಲ್ಲ ಅಂತ ಹಾಕಿದ್ದೂ ಅಲ್ಲೇ, ಇಷ್ಟ ಅಂತ ಹಾಕಿದ್ದೂ ಅಲ್ಲೇ. ಗೆರೆಯ ಎಡ ಅರ್ಧ ನನ್ನ ಪಾಲಿಗೆ ಇರಲೇ ಇಲ್ಲ. ನನಗೆ ಕಂಡಷ್ಟು ಗೆರೆಯಲ್ಲಿ ನಾನು ಎಡತುದಿಗೇ ಹಾಕಿದ್ದೆ. ಅವರು ಬೇರೊಂದು ಗೆರೆ ಎಳೆದು ‘ಇದರ ಮಧ್ಯ ತೋರಿಸಿ’ ಅಂದರು. ನಾನು ತೋರಿಸಿದ್ದು ಮಧ್ಯಕ್ಕಿಂತ 2 ಬೆರಳು ಬಲಕ್ಕಿತ್ತು. ಎಡಗಡೆಯ ಅಲಕ್ಷ್ಯ ಪತ್ತೆ ಮಾಡಲು ಮಾಡುವ ಹಳೆಯ ಪರೀಕ್ಷೆಯೇ ಇದು ಅಂತ ಹೇಳಿದರು. ಆಮೇಲೆ ಹೊಸ ಹಾಳೆ ತೆಗೆದು ಅದನ್ನು ಉದ್ದಕ್ಕೆ ತಿರುಗಿಸಿದರು. ಈಗ ಗೆರೆ ನಿಂತುಕೊಂಡಿತು. ಮೇಲೆ ಇಷ್ಟ, ಕೆಳಗೆ ಇಷ್ಟವಿಲ್ಲ. ಮೇಲೆ ಕೆಳಗೆ ನನಗೆ ಸರಿಯಾಗಿಯೇ ಕಾಣುತ್ತದಲ್ಲ. ಟ್ರೆಡ್‌ಮಿಲ್ ನೆಲ ಕಚ್ಚಿತು.

ಈ ತರಗತಿಗೆ ನಾನು ಕೊಡುವ ಅಂಕದಲ್ಲಿ ಅರ್ಧ ಆ ಹಾಳೆ ತಿರುಗಿಸಿದ್ದಕ್ಕೇ.

ಟ್ರೆಡ್‌ಮಿಲ್ ಬೇಡ ಅಂದದ್ದಕ್ಕೆ ಒಳಗೊಳಗೇ ಅಳುಕಿತ್ತು. ಒಳ್ಳೆಯದನ್ನು ನಾನೇ ಕೈಯಾರೆ ಬಿಡುತ್ತಿದ್ದೇನಾ ಅಂತ. ಕೇಳಿದೆ. ಅಮೆರಿಕದಲ್ಲಿ ಲಕ್ವ ಆದ 408 ಜನರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಹೇಳಿದರು. ತೂಗುಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದವರನ್ನೂ, ಮನೆಗೇ ಹೋಗಿ ಫಿಸಿಯೋ ವ್ಯಾಯಾಮ ಮಾಡಿಸಿದವರನ್ನೂ ಹೋಲಿಸಿ ನೋಡಿದ್ದರಂತೆ. ವರ್ಷ ಕಳೆದ ಮೇಲೆ ನಡಿಗೆಯಲ್ಲಿ ಟ್ರೆಡ್‌ಮಿಲ್‌ನವರು ಮೇಲುಗೈ ಏನೂ ಆಗಿರಲಿಲ್ಲ. ‘ಅಂದ್ರೆ ಟ್ರೆಡ್‌ಮಿಲ್ ಕೆಟ್ಟದ್ದು ಅಂತಲ್ಲಮ್ಮ. ಅದೇ ಆಗಬೇಕು ಅಂತಿಲ್ಲ, ಅಷ್ಟೇ’ ಅಂದರು. ನಮ್ಮ ಗುಂಪಿನಲ್ಲಿ 34 ವರ್ಷದ ಒಬ್ಬ ಹುಡುಗಿ ಇದ್ದಳು. (ಹೌದು, 34. ಇದು ಮುದುಕರ ಕಾಯಿಲೆ ಅಂದುಕೊಂಡವರು ಗಮನಿಸಿ.) ಅವಳಿಗೆ ಟ್ರೆಡ್‌ಮಿಲ್ ಅಂದರೆ ಪ್ರಾಣ. ವೇಗ ಎಷ್ಟು, ದೂರ ಎಷ್ಟು, ನಿನ್ನೆಗಿಂತ ಎಷ್ಟು ಜಾಸ್ತಿ ಅಂತ ಅಂಕಿ ಕಾಣಬೇಕು ಅವಳಿಗೆ. ಅಂಕಿ ಇಲ್ಲದಿದ್ದರೆ ಮುಖ ಬಾಡುತ್ತಿತ್ತು. ಲಾರಿ ಓಡಿಸುತ್ತಿದ್ದ ಡ್ರೈವರಣ್ಣ ಇದಕ್ಕೆ ಉಲ್ಟಾ. ಒಳಗೆ ನಿಂತು ಏನು ಮಾಡಿಸಿದರೂ ಗೊಣಗಾಟ, ಕಾಂಪೌಂಡ್ ಸುತ್ತ ನಡೆಯಿರಿ ಅಂದರೆ ಕೋಲು ಊರಿಕೊಂಡು ಎಲ್ಲರಿಗಿಂತ ಮುಂದೆ. ಎಷ್ಟು ಸುತ್ತು ಆಯಿತು ಅಂತ ಯಾರಾದರೂ ಎಣಿಸಿದರೆ ಸಿಟ್ಟು ಬೇರೆ.

ನನ್ನ ಹಾಳೆಯಲ್ಲಿ ಎರಡು ವಿಷಯ ಗಟ್ಟಿಯಾಗಿದ್ದವು. ಒಂದು, ಒಬ್ಬಳೇ ಮಾಡಬೇಕು, ಯಾರೂ ನೋಡಬಾರದು. ಎರಡು, ಕೂತು ಮಾಡುವಂಥದ್ದು ಬೇಕು, ಕಾಲಲ್ಲಿ ತುಳಿಯುವಂಥದ್ದಾದರೆ ಇನ್ನೂ ಒಳ್ಳೆಯದು. ಮೊದಲನೆಯದಕ್ಕೆ ಅವರು ಒಪ್ಪಿದ್ದು ಅರ್ಧ ಮಾತ್ರ. ನಿಗಾ ಬೇಕು, ಹಾಗಾಗಿ ಗುಂಪಿನಲ್ಲೇ ಬನ್ನಿ, ಮೂಲೆಯ ಕುರ್ಚಿ ನಿಮಗೇ ಅಂದರು. ಗೋಡೆಗೆ ಮುಖ ಮಾಡಿ ಕೂರುವ ಕುರ್ಚಿ. 4 ವಾರ ನಾನು ಆ ಗೋಡೆ ನೋಡಿಕೊಂಡೇ ವ್ಯಾಯಾಮ ಮಾಡಿದೆ. ಬಾಯಿಯ ಎಡಗಡೆಯಿಂದ ಜೊಲ್ಲು ಇಳಿಯುವುದು ಯಾರಿಗೂ ಕಾಣಬಾರದು, ಇಷ್ಟೇ ನನ್ನ ಗುಟ್ಟು. ‘ಒಬ್ಬಳೇ ಇಷ್ಟ’ ಅಂತ ಗೀಟು ಹಾಕಿದ್ದು ಇಷ್ಟದಿಂದಲ್ಲ, ನಾಚಿಕೆಯಿಂದ.

ಎರಡನೆಯದು ಪೆಡಲ್. ಸೀಟಿಲ್ಲದ, ಹ್ಯಾಂಡಲ್ ಇಲ್ಲದ, ಬರೀ ಎರಡು ಪೆಡಲ್ ಇರುವ ಪುಟ್ಟ ಯಂತ್ರ. ಕುರ್ಚಿಯಲ್ಲಿ ಕೂತು ಮುಂದಿಟ್ಟುಕೊಂಡು ತುಳಿಯುವುದು. ನನಗದು ಮೊದಲ ದಿನವೇ ಹಿಡಿಸಿತು. ಮನೆಗೂ ಒಂದು ತರಿಸಿದೆವು. ಈಗ ಅದರ ಗುಣ ದೋಷ ಕೇಳಿ.

ನುಣುಪು ನೆಲದ ಮೇಲೆ ಇಟ್ಟರೆ ಅದು ಮುಂದೆ ಮುಂದೆ ಓಡುತ್ತದೆ. ಅಡಿಗೆ ರಬ್ಬರ್ ಚಾಪೆ ಹಾಕಿ, ಯಂತ್ರದ ಮೂತಿಯನ್ನು ಗೋಡೆಗೆ ಒತ್ತಿ ಇಡಬೇಕು. ಕುರ್ಚಿಗೆ ಚಕ್ರ ಇರಲೇಬಾರದು, ಕೈ ಇರಲೇಬೇಕು. ಪಾದಕ್ಕೆ ಹಾಕುವ ಪಟ್ಟಿ ತೆಳು ಪ್ಲಾಸ್ಟಿಕ್‌ನದು. ನನ್ನ ಎಡಪಾದದ ತುದಿ ಕೆಳಕ್ಕೆ ಜೋಲುತ್ತದೆ, ಹೊರಕ್ಕೂ ತಿರುಗುತ್ತದೆ. ಆ ಪಟ್ಟಿಯಲ್ಲಿ ಅದು ನಿಲ್ಲಲಿಲ್ಲ. ನಾನೇ ಅಗಲವಾದ ನಿವಾರ್ ಪಟ್ಟಿಗೆ ವೆಲ್ಕ್ರೋ ಹಚ್ಚಿ, ಹಿಮ್ಮಡಿ ಹಿಂದಿನಿಂದ ಸುತ್ತಿ ಬರುವ ಹಾಗೆ ಮಾಡಿಕೊಂಡೆ. ಒಂದೇ ಕೈಯಲ್ಲಿ ಹೊಲಿದದ್ದು, ಹೊಲಿಗೆ ಸೊಟ್ಟ. ಇರಲಿ. ಗಿರಾಕಿ ಯಾರೂ ಕೇಳುವುದಿಲ್ಲವಲ್ಲ. ಪಾದದಲ್ಲಿ ಸ್ಪರ್ಶ ಸರಿಯಾಗಿ ಇಲ್ಲದವರು ತುಳಿದಾದ ಮೇಲೆ ಕಾಲುಚೀಲ ಬಿಚ್ಚಿ ಚರ್ಮ ಕೆಂಪಾಗಿದೆಯಾ ನೋಡಿಕೊಳ್ಳಬೇಕು. ಪಟ್ಟಿ ಉಜ್ಜಿದರೂ ನಮಗೆ ಗೊತ್ತಾಗುವುದಿಲ್ಲ. ಬಿಗಿ ಮಾಡುವ ತಿರುಪು ಮಾತ್ರ ಶುದ್ಧ ದಂಡ. 10 ನಿಮಿಷ ತುಳಿಯುವಷ್ಟರಲ್ಲಿ ತಾನೇ ಸಡಿಲವಾಗುತ್ತದೆ.

ಇನ್ನು ಕಳ್ಳಾಟ. ಮನೆಯಲ್ಲಿ ದಿನಾ 15 ನಿಮಿಷ ತುಳಿದೆ, ಯಂತ್ರದ ಪುಟ್ಟ ಪರದೆ 700, 800 ಅಂತ ಸುತ್ತು ತೋರಿಸಿತು. ಹೆಮ್ಮೆಯಿಂದ ಬೀಗಿದೆ. ಮೂರನೇ ವಾರ ಮೇಡಂ ನನ್ನ ಬಲಪಾದವನ್ನು ಪೆಡಲ್‌ನಿಂದ ತೆಗೆದು ನೆಲದ ಮೇಲಿಟ್ಟರು. ‘ಈಗ ತುಳಿಯಿರಿ’ ಅಂದರು. ಯಂತ್ರ ಅಲ್ಲಾಡಲಿಲ್ಲ. ಅಷ್ಟು ದಿನವೂ ತುಳಿದದ್ದು ಬಲಗಾಲು. ಎಡಗಾಲು ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ ಸುಮ್ನೆ ಕೂತು ಸುತ್ತು ಹೊಡೆದಿತ್ತು. ಏದುಸಿರು ಬಂದಿದ್ದು, ಹೃದಯಕ್ಕೆ ಒಳ್ಳೆಯದಾಗಿದ್ದು ಸುಳ್ಳಲ್ಲ. ಆದರೆ ಎಡಗಾಲಿಗೆ ಬಂದದ್ದು ಸೊನ್ನೆ. ಆಮೇಲೆ ಹೊಸ ನಿಯಮ: 5 ನಿಮಿಷ ಎರಡೂ ಕಾಲು, 1 ನಿಮಿಷ ಎಡಗಾಲೊಂದೇ. ಆ 1 ನಿಮಿಷದಲ್ಲಿ ನನ್ನ ಮೊದಲ ದಾಖಲೆ ಎರಡೂವರೆ ಸುತ್ತು.

ಆಗಲೇ ನಾನು ಮಿಷನ್ ವಿಷಯ ಎತ್ತಿದ್ದು. ‘ನಮ್ಮ ಹೊಲಿಗೆ ಮಿಷನ್ ತುಳಿಯೋದು ಹೀಗಲ್ಲ ಮೇಡಂ. ಸುತ್ತಿಸೋದಿಲ್ಲ. ಹಲಗೆ ಮೇಲೆ ಪಾದ ಇಟ್ಟು ಒಮ್ಮೆ ತುದಿ ಒತ್ತಬೇಕು, ಒಮ್ಮೆ ಹಿಮ್ಮಡಿ ಒತ್ತಬೇಕು.’ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ನನ್ನ ಬಲಪಾದ ನೋಡುತ್ತ ಇನ್ನೊಂದು ಸಲ ಮಾಡಿ ತೋರಿಸಿ ಅಂದರು. ಹಿಮ್ಮಡಿ ಒತ್ತಿದಾಗ ಪಾದದ ತುದಿ ಮೇಲೆ ಏಳುತ್ತದೆ. ಜೋಲುವ ಪಾದಕ್ಕೆ ಬೇಕಾದದ್ದು ಅದೇ ತಾನೇ! ನಡೆಯುವಾಗ ನನ್ನ ಎಡಗಾಲ ಹೆಬ್ಬೆರಳು ನೆಲಕ್ಕೆ ತಗಲಿ ಮುಗ್ಗರಿಸುತ್ತಿದ್ದುದೇ ತುದಿ ಮೇಲೆ ಏಳದ್ದರಿಂದ.

ಮನೆಗೆ ಹೋಗಿ ಮಗಳ ಕೈಯಲ್ಲಿ ಮಿಷನ್ ಬೆಲ್ಟ್ ಬಿಚ್ಚಿಸಿದೆ. ಬೆಲ್ಟ್ ಇಲ್ಲದಿದ್ದರೆ ಕೆಳಗಿನ ಚಕ್ರ ತಿರುಗುತ್ತದೆ, ಮೇಲಿನ ಸೂಜಿ ಆಡುವುದಿಲ್ಲ. ಎಡಗೈಯಲ್ಲಿ ಸ್ಪರ್ಶ ಇಲ್ಲದವಳ ಹತ್ತಿರ ಆಡುವ ಸೂಜಿ ಬೇಡ ಅಂತ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಎರಡೂ ಪಾದ ಹಲಗೆ ಮೇಲಿಟ್ಟೆ. ಇಲ್ಲೂ ಬಲಗಾಲು ಕಳ್ಳಾಟಕ್ಕೆ ಎಳೆಯಿತು. ಹಾಗಾಗಿ ಬಲಪಾದ ಹಿಂದಕ್ಕೆ ತೆಗೆದು ಬಲಗೈಯಿಂದ ಚಕ್ರಕ್ಕೆ ಒಂದು ತಳ್ಳು ಕೊಡುವುದು, ಎಡಪಾದ ಆ ಓಟವನ್ನು ನಿಲ್ಲದ ಹಾಗೆ ಹಿಡಿದುಕೊಳ್ಳುವುದು. ಮೊದಲು ಮೂರು ಸಲ ಆಡಿ ನಿಲ್ಲುತ್ತಿತ್ತು. ಚಕ್ರದ ಆ ‘ಟಕ ಟಕ’ ಸದ್ದು ಕಿವಿಗೆ ಬಿದ್ದರೆ ಕಾಲಿಗೆ ಏನೋ ನೆನಪಾಗುತ್ತಿತ್ತು. 30 ವರ್ಷದ ಅಭ್ಯಾಸ ಅಲ್ವಾ. ಯಾರೂ ಹೇಳದೆ, ಯಾರೂ ಎಣಿಸದೆ ದಿನಕ್ಕೆ ಮೂರು ನಾಲ್ಕು ಸಲ ಹೋಗಿ ಕೂರುತ್ತಿದ್ದೆ. ಸೋಮಾರಿ ಅಂದ ಮಗಳೇ ‘ಸಾಕು ಏಳಮ್ಮ’ ಅನ್ನುವ ಹಾಗಾಯಿತು.

ಇಷ್ಟವಾದದ್ದನ್ನೇ ಮಾಡಿಸುತ್ತಾರೆ ಅಂತ ತಿಳಿದು ಯಾರೂ ಹೋಗಬೇಡಿ. ನನಗೆ ಬೇಡವಾಗಿದ್ದು ಕುರ್ಚಿಯಿಂದ ಎದ್ದು ನಿಲ್ಲುವುದು, ಕೂರುವುದು. ಹತ್ತು ಸಲ ಎದ್ದು ಕೂತರೆ ಜೀವ ಹಿಂಡಿದ ಹಾಗಾಗುತ್ತಿತ್ತು. ಅದೂ ಅವರು ಬಲಪಾದವನ್ನು ಒಂದು ಗೇಣು ಮುಂದೆ ಇಡಿಸುತ್ತಿದ್ದರು. ಹಾಗೆ ಇಟ್ಟರೆ ಬಲಗಾಲಿಗೆ ಭಾರ ಹೊರಲು ಅನುಕೂಲ ಇಲ್ಲ, ಎಡಗಾಲೇ ಹೊರಬೇಕು. ಬೇಡ ಅಂದೆ. ಬಿಡಲಿಲ್ಲ. ಆದರೆ ರೂಪ ಬದಲಿಸಿದರು. ನನ್ನ ಎಡಕ್ಕೆ ಒಂದು ಎತ್ತರದ ಮೇಜು, ಅದರ ಮೇಲೆ ಬಣ್ಣಬಣ್ಣದ ಬಟ್ಟೆ ತುಂಡುಗಳು. ಎದ್ದು ಎಡಕ್ಕೆ ತಿರುಗಿ ಒಂದು ತುಂಡು ತರಬೇಕು, ಕೂತು ತೊಡೆ ಮೇಲೆ ಮಡಚಬೇಕು, ಎದ್ದು ವಾಪಸ್ ಇಡಬೇಕು. ಬರೀ ಹತ್ತು ಸಲ ಎದ್ದೇಳಿ ಅಂದಾಗ ಬೈದುಕೊಂಡವಳು 16 ತುಂಡು ಮಡಚಿದೆ. ಮೇಜಿನ ಎಡ ಅಂಚಿನ ನಾಲ್ಕು ತುಂಡು ನನಗೆ ಕಾಣಲೇ ಇಲ್ಲ ಅನ್ನುವುದು ಬೇರೆ ಮಾತು. ಅವನ್ನು ಹುಡುಕಿಸುವುದೂ ಅವರ ಲೆಕ್ಕದಲ್ಲೇ ಇತ್ತು.

ಎಷ್ಟು ಜೋರಾಗಿ ಮಾಡಬೇಕು ಅನ್ನುವುದಕ್ಕೆ ನಾಡಿ ನೋಡುವ ಪದ್ಧತಿ ನನಗೆ ಆಗುವುದಿಲ್ಲ. ನಾನು ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುತ್ತೇನೆ. ಅದು ಎದೆಬಡಿತವನ್ನು ಮೇಲೇರಲು ಬಿಡುವುದಿಲ್ಲ, ಹಾಗಾಗಿ ನಾಡಿ ಹೇಳುವುದು ಪೂರ್ತಿ ನಿಜವಲ್ಲ. ಅದಕ್ಕೆ ಬದಲು ಗೋಡೆ ಮೇಲೆ 6ರಿಂದ 20ರವರೆಗೆ ಅಂಕಿಯ ಪಟ್ಟಿ. ಗುನ್ನಾರ್ ಬೋರ್ಗ್ ಅನ್ನುವ ಸ್ವೀಡನ್ ದೇಶದವರು ಮಾಡಿದ್ದು. 6 ಅಂದರೆ ಆರಾಮಾಗಿ ಕೂತ ಹಾಗೆ, 20 ಅಂದರೆ ಇನ್ನು ಸಾಧ್ಯವೇ ಇಲ್ಲ. ನಮಗೆಷ್ಟು ಕಷ್ಟ ಅನ್ನಿಸುತ್ತಿದೆ ಅಂತ ನಾವೇ ಅಂಕಿ ಹೇಳಬೇಕು. ನನ್ನನ್ನು 11ರಿಂದ 13ರ ಒಳಗೆ ಇಟ್ಟುಕೊಳ್ಳುತ್ತಿದ್ದರು. 13 ಅಂದರೆ ಸ್ವಲ್ಪ ಕಷ್ಟ, ಆದರೂ ಮಾತಾಡಬಹುದು. 6ರಿಂದ ಯಾಕೆ ಶುರು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆರೋಗ್ಯವಂತರಲ್ಲಿ ಆ ಅಂಕಿಗೆ ಒಂದು ಸೊನ್ನೆ ಹಚ್ಚಿದರೆ ಹೆಚ್ಚುಕಡಿಮೆ ಎದೆಬಡಿತ ಬರುತ್ತದೆ, ಅದಕ್ಕೆ. ಮೊದಮೊದಲು ನಾನು ಎಲ್ಲದಕ್ಕೂ 17 ಅನ್ನುತ್ತಿದ್ದೆ. ಕಷ್ಟಕ್ಕಲ್ಲ, ಭಯಕ್ಕೆ. ಎದೆ ಸ್ವಲ್ಪ ಡವಡವ ಅಂದರೂ ಮತ್ತೊಂದು ಹೊಡೆತ ಬಂತು ಅಂತಲೇ ಅನ್ನಿಸುವುದು. ಪ್ರತಿದಿನ ಶುರುವಿಗೆ ಮುಂಚೆ, ಮುಗಿದ ಮೇಲೆ ಬಿಪಿ ನೋಡಿ ನನಗೇ ಬರೆದುಕೊಳ್ಳಲು ಕೊಟ್ಟರು. ಆ ಅಂಕಿಗಳನ್ನು ಕಣ್ಣಾರೆ ನೋಡಿ ನೋಡಿ ಭಯ ಇಳಿಯಿತು. ಬಾಯಿಮಾತಿನ ಧೈರ್ಯದಿಂದ ಇಳಿದದ್ದಲ್ಲ.

ಮನೆಯ ಲೆಕ್ಕವನ್ನೂ ಹೇಳಿಕೊಟ್ಟರು. ಏದುಸಿರು ಬರುವಂಥ ವ್ಯಾಯಾಮ ವಾರಕ್ಕೆ 3ರಿಂದ 5 ದಿನ, ಸಲಕ್ಕೆ 20ರಿಂದ 60 ನಿಮಿಷ. ಒಂದೇ ಸಲ ಆಗದಿದ್ದರೆ 10 ನಿಮಿಷದ ತುಂಡು ಮಾಡಿಕೊಳ್ಳಬಹುದು. ಬಲ ಕೊಡುವ ವ್ಯಾಯಾಮ ವಾರಕ್ಕೆ 2, 3 ದಿನ. ನನಗೆ ತುಂಡು ಮಾಡಿಕೊಳ್ಳುವುದೇ ಸರಿಹೋಯಿತು.

ಗುಂಪಿನ ವಿಷಯ. ಐದನೇ ವಾರ ನಾನು ಗೋಡೆಯಿಂದ ಈ ಕಡೆ ತಿರುಗಿದೆ. ಕಾರಣ ಮೇಷ್ಟ್ರು.

ಮೇಷ್ಟ್ರಿಗೆ ಹೊಡೆದದ್ದು ಬಲಗೈ, ಬಲಗಾಲಿಗೆ. ಜೊತೆಗೆ ಮಾತು. ಏನು ಹೇಳಬೇಕು ಅಂತ ಅವರಿಗೆ ಗೊತ್ತು, ಪದ ಬಾಯಿಗೆ ಬರುವುದಿಲ್ಲ. ಹೆಂಡತಿಯ ಹೆಸರು ಕೇಳಿದರೆ ತುಟಿ ಅದುರುತ್ತದೆ, ಹಣೆ ಬೆವರುತ್ತದೆ, ಹೆಸರು ಬರುವುದಿಲ್ಲ. ಆದರೆ ಮೇಡಂ ಒಂದು ದಿನ ‘ಮೇಷ್ಟ್ರೇ, ನೀವು ಎಣಿಸಿ’ ಅಂದು ತಾವೇ ‘ಒಂದು’ ಅಂತ ಶುರು ಮಾಡಿಕೊಟ್ಟರು. ಎರಡು, ಮೂರು, ನಾಲ್ಕು ಅಂತ ಮೇಷ್ಟ್ರು ಗಡಿಯಾರದ ಹಾಗೆ ಹೊರಟರು. ಒಂದಕ್ಷರ ತೊಡರಲಿಲ್ಲ. ಎಣಿಕೆ, ಬಾಯಿಪಾಠ, ಹಾಡು ಇಂಥವು ಮಾತು ಕಳೆದುಕೊಂಡ ಎಷ್ಟೋ ಜನರಲ್ಲಿ ಉಳಿದಿರುತ್ತವಂತೆ. ನಾನು ಗೋಡೆಯಿಂದ ತಿರುಗಿ ನೋಡಿದೆ. ಅವರ ಬಾಯಿಯೂ ಸೊಟ್ಟ, ನನ್ನದೂ ಸೊಟ್ಟ. ಕುರ್ಚಿ ತಿರುಗಿಸಿಕೊಂಡು ಕೂತೆ.

ಆವತ್ತಿಂದ ಎಣಿಕೆ ಮೇಷ್ಟ್ರದ್ದು. ನಾವೂ ಅವರ ಜೊತೆ ಜೋರಾಗಿ ಎಣಿಸಬೇಕು. ಜೋರಾಗಿ ಎಣಿಸುವವರು ಉಸಿರು ಬಿಗಿಹಿಡಿಯಲು ಆಗುವುದಿಲ್ಲವಲ್ಲ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಒಮ್ಮೆಗೇ ಏರುತ್ತದೆ, ನಮಗದು ಆಗಿಬರದು. ತೊಂದರೆ ಒಂದೇ, ಮೇಷ್ಟ್ರಿಗೆ ಹತ್ತಕ್ಕೆ ನಿಲ್ಲಿಸಲು ಬರುವುದಿಲ್ಲ. ಹನ್ನೊಂದು, ಹನ್ನೆರಡು ಅಂತ ಹೋಗುತ್ತಲೇ ಇರುತ್ತಾರೆ. ಡ್ರೈವರಣ್ಣ ‘ಬ್ರೇಕ್, ಬ್ರೇಕ್’ ಅಂತ ಕೂಗುತ್ತಾರೆ. ಅಷ್ಟು ಹೊತ್ತಿಗೆ ನಾವೆಲ್ಲ 14 ಮಾಡಿ ಮುಗಿಸಿರುತ್ತೇವೆ.

ಇನ್ನು ದೂರುಗಳು, ಇವೂ ಇವೆ. ತರಗತಿ ಮಧ್ಯಾಹ್ನ 3 ಗಂಟೆಗೆ. ಲಕ್ವ ಆದವರ ಸುಸ್ತು ಸಾಮಾನ್ಯ ಸುಸ್ತಲ್ಲ. ನಿದ್ದೆ ಮಾಡಿದರೂ ಹೋಗದ, ಇದ್ದಕ್ಕಿದ್ದ ಹಾಗೆ ದೀಪ ಆರಿದಂತೆ ಬರುವ ಸುಸ್ತು. ನನಗೆ ಅದು ಬರುವುದು ಸರಿಯಾಗಿ ಮಧ್ಯಾಹ್ನವೇ. ಏನಿಷ್ಟ ಅಂತ ಅಷ್ಟೆಲ್ಲ ಕೇಳಿದವರು ಯಾವ ಹೊತ್ತು ಇಷ್ಟ ಅಂತ ಕೇಳಲಿಲ್ಲ. ಹಾಡು ಹಾಕುತ್ತಾರೆ, ಸದ್ದು ಜಾಸ್ತಿ. ಮಾತು ಅರ್ಥಮಾಡಿಕೊಳ್ಳಲು ಕಷ್ಟಪಡುವ ಮೇಷ್ಟ್ರಂಥವರಿಗೆ ಹಾಡು, ಸೂಚನೆ ಎರಡೂ ಒಟ್ಟಿಗೆ ಕಿವಿಗೆ ಬಿದ್ದರೆ ಎರಡೂ ತಲೆಗೆ ಹೋಗುವುದಿಲ್ಲ. ಎರಡು ಸಲ ಹೇಳಿದ ಮೇಲೆ ತಗ್ಗಿಸಿದರು.

ನನ್ನ ದೊಡ್ಡ ತಕರಾರು ಕೈಯದು. ವಾರಕ್ಕೆ 3 ಗಂಟೆಯಲ್ಲಿ ಕೈಗೆ ಸಿಕ್ಕಿದ್ದು ಹೆಚ್ಚೆಂದರೆ ಅರ್ಧ ಗಂಟೆ. ಇದು ನಡಿಗೆಯ ಮತ್ತು ದಮ್ಮಿನ ತರಗತಿ ಅಂತ ಅವರು ಮೊದಲೇ ಹೇಳಿದ್ದರು, ತಪ್ಪು ಹೊರಿಸುವ ಹಾಗಿಲ್ಲ. ಆದರೂ ಟೈಲರ್‌ಗೆ ಕೈ ಅಲ್ವಾ ಜೀವ? ಒಳ್ಳೆಯ ಕೈಗೆ ಕೈಗವಸು ತೊಡಿಸಿ ಕಟ್ಟಿಹಾಕಿ, ಸ್ವಾಧೀನ ಇಲ್ಲದ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ ಇದೆ ಅಂತ ಕೇಳಿದ್ದೆ. ಎಡ್ವರ್ಡ್ ಟೌಬ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ನನಗೆ ಮಾಡಿಸಿ ಅಂದೆ. ಅದಕ್ಕೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವಾಗಿ ಹಿಂದಕ್ಕೆ ಏಳಬೇಕಂತೆ. ನನ್ನವು ಏಳುವುದಿಲ್ಲ, ಮುಷ್ಟಿ ಬಿಗಿದುಕೊಂಡೇ ಇರುತ್ತವೆ. ಇಷ್ಟಪಟ್ಟರೂ ಆಗಲಿಲ್ಲ. ಈಗ ಕೈಗೆ ಬೇರೆ ಕಡೆ ಹೋಗುತ್ತಿದ್ದೇನೆ.

ಇನ್ನೊಂದು. 12 ವಾರ ಮುಗಿದ ದಿನ ಎಲ್ಲರಿಗೂ ಟಾಟಾ ಹೇಳಿ ಕಳಿಸಿಬಿಟ್ಟರು. 13ನೇ ವಾರ ಏನು ಮಾಡಬೇಕು ಅಂತ ಒಂದು ಹಾಳೆ ಕೊಟ್ಟರು, ನಿಜ. ಆದರೆ ಹಾಳೆ ಎಣಿಸುವುದಿಲ್ಲ. ಬಿಟ್ಟ ಮೊದಲ ವಾರ ನಾನು ಮಿಷನ್ ಒಂದು ಬಿಟ್ಟು ಬೇರೇನೂ ಮಾಡಲಿಲ್ಲ. ಆಮೇಲೆ ಡ್ರೈವರಣ್ಣ ಫೋನ್ ಮಾಡಿದರು. ಈಗ ವಾರಕ್ಕೆರಡು ಬೆಳಿಗ್ಗೆ ನಾವು ನಾಲ್ಕೈದು ಜನ ಸೇರಿ ನಡೆಯುತ್ತೇವೆ. ಬೆಳಿಗ್ಗೆ, ಗಮನಿಸಿ.

ಯಾರಿಗೆ ಸರಿಹೋಗುತ್ತದೆ? ಹಿಡಿದುಕೊಂಡಾದರೂ ನಾಲ್ಕು ಹೆಜ್ಜೆ ಇಡಬಲ್ಲವರಿಗೆ, ವೈದ್ಯರು ವ್ಯಾಯಾಮ ಮಾಡಬಹುದು ಅಂತ ಹೇಳಿದವರಿಗೆ, ಹಿಂದೆ ಎಲ್ಲೋ ಬೇಸತ್ತು ಬಿಟ್ಟವರಿಗೆ ಖಂಡಿತ. ಕೈ ಮುಖ್ಯ ಅನ್ನುವವರು ಬೇರೆ ನೋಡಿ. ತೀರಾ ಸುಸ್ತಿನವರು ಹೊತ್ತು ವಿಚಾರಿಸಿ ಸೇರಿ. ನನ್ನ 6 ನಿಮಿಷದ ನಡಿಗೆ 142 ಮೀಟರ್ ಇದ್ದದ್ದು ಕೊನೆಗೆ 205 ಆಯಿತು. ಎಡ ಹೆಬ್ಬೆರಳು ಈಗಲೂ ಸುಸ್ತಾದಾಗ ತಗಲುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಪೆಡಲ್ ಯಂತ್ರಕ್ಕೆ ಎರಡೂವರೆ, ಅದೂ ನಾನು ಹೊಲಿದ ಪಟ್ಟಿ ಸೇರಿ.

ಹಾಳೆಯ ಬಗ್ಗೆಯೂ ಒಂದು ದೂರಿದೆ. ಅದನ್ನು ಮೊದಲ ದಿನ ಒಂದೇ ಸಲ ತುಂಬಿಸಿಕೊಂಡರು. ಗೋಡೆ ನೋಡುತ್ತಿದ್ದವಳು ತಿರುಗಿ ಕೂತಿದ್ದು ಅವರ ಕಡತದಲ್ಲಿ ಎಲ್ಲೂ ಇಲ್ಲ. ಕೊನೆಯ ದಿನ ನಾನೇ ಕೇಳಿ ಇನ್ನೊಂದು ಹಾಳೆ ಇಸಿದುಕೊಂಡೆ. ಮೇಡಂ ಅಭ್ಯಾಸಬಲದಲ್ಲಿ ಉದ್ದಕ್ಕೆ ತಿರುಗಿಸಲು ಹೋದರು. ಬೇಡ, ಅಡ್ಡಕ್ಕೇ ಇರಲಿ ಅಂದೆ. ಗೆರೆ ಶುರುವಾಗುವುದು ಎಲ್ಲಿಂದ ಅಂತ ಕುತ್ತಿಗೆ ತಿರುಗಿಸಿ ಹುಡುಕಿದೆ. ಮೊದಲು ಎಡಗೈ ಕಂಡಿತು, ಅದರ ಪಕ್ಕದಲ್ಲಿ ಕಾಗದದ ಅಂಚು, ಅಲ್ಲಿಂದ ಗೆರೆಯ ತುದಿ. ಜನರ ಜೊತೆ ಮಾಡುವುದಕ್ಕೆ ಬಲತುದಿಯಿಂದ 2 ಸೆಂಟಿಮೀಟರ್ ಈಚೆ ಹಾಕಿದೆ. ಟ್ರೆಡ್‌ಮಿಲ್‌ಗೆ ಎಡತುದಿಗೇ ಹಾಕಿದೆ, ಒಂದು ನೂಲೂ ಆಚೀಚೆ ಇಲ್ಲದ ಹಾಗೆ.